ಪೇರಿಸಿದ ಸ್ವಿಚ್ಚುಗಳಲ್ಲಿ ಯಜಮಾನ ಯಾರು?

ನಿಮ್ಮ ಕಾಲೇಜಿನ ಗಣಕ ಪ್ರಯೋಗಾಲಯದ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಬ್ಬಿಣದ ಕಪಾಟು ಇರಬಹುದು. ಅದರೊಳಗೆ ಮೂರು ನಾಲ್ಕು ಚಪ್ಪಟೆ ಪೆಟ್ಟಿಗೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿಯೊಂದರ ಮುಖದಲ್ಲೂ 24 ಅಥವಾ 48 ಪೋರ್ಟುಗಳು, ಅವುಗಳಿಗೆ ಸಿಕ್ಕಿಸಿದ ಕೇಬಲ್‌ಗಳು, ಮಿಣುಕುವ ಹಸಿರು ದೀಪಗಳು. ಇವೇ ಗಣಕ ಜಾಲದ ಸ್ವಿಚ್ಚುಗಳು. ಗೋಡೆಯ ಮೇಲಿನ ದೀಪದ ಸ್ವಿಚ್ಚಿಗೂ ಇವಕ್ಕೂ ಹೆಸರಿನಲ್ಲಿ ಬಿಟ್ಟರೆ ಹೆಚ್ಚಿನ ಹೋಲಿಕೆಯಿಲ್ಲ.

ಈ ಪೆಟ್ಟಿಗೆಗಳನ್ನು ನೋಡಿದಾಗ ಎರಡು ಸರಳ ಪ್ರಶ್ನೆಗಳನ್ನು ಕೇಳಬಹುದು. ಇವುಗಳಲ್ಲಿ ಒಂದನೆಯದು ಯಾವುದು, ಎರಡನೆಯದು ಯಾವುದು? ಇವೆಲ್ಲವನ್ನೂ ನಡೆಸುವ ಯಜಮಾನ ಯಾರು? ಪ್ರಶ್ನೆಗಳು ಸರಳವಾಗಿ ಕಂಡರೂ ಉತ್ತರದಲ್ಲಿ ಭೌತವಿಜ್ಞಾನ, ಗಣಿತ ಮತ್ತು ತಂತ್ರಜ್ಞಾನ ಮೂರೂ ಸೇರಿಕೊಂಡಿವೆ. ಉತ್ತರ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಪರೀಕ್ಷೆಯ ದಿನ ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಪೇರಿಸುವುದು ಏಕೆ?

ಸ್ವಿಚ್ಚಿನ ಕೆಲಸ ಅಂಚೆ ವಿಂಗಡಣೆಯಂತಹುದು. ಒಂದು ಪೋರ್ಟಿನಿಂದ ಬಂದ ಮಾಹಿತಿಯ ಕಟ್ಟಿನ ಮೇಲೆ ಕಳುಹಿಸಿದವರ ಹಾಗೂ ಸೇರಬೇಕಾದವರ ವಿಳಾಸಗಳಿರುತ್ತವೆ. ಕಳುಹಿಸಿದವರ ವಿಳಾಸವನ್ನು ನೋಡಿ ಸ್ವಿಚ್ಚು 'ಈ ಗಣಕ ಈ ಪೋರ್ಟಿನಲ್ಲಿದೆ' ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಸೇರಬೇಕಾದ ವಿಳಾಸವನ್ನು ಪಟ್ಟಿಯಲ್ಲಿ ಹುಡುಕಿ ಕಟ್ಟನ್ನು ಸರಿಯಾದ ಪೋರ್ಟಿಗೆ ದಾಟಿಸುತ್ತದೆ.

120 ಗಣಕಗಳಿರುವ ಕಟ್ಟಡಕ್ಕೆ 48 ಪೋರ್ಟುಗಳ ಒಂದು ಸ್ವಿಚ್ಚು ಸಾಲದು. ಮೂರು ಬೇಕು. ಮೂರನ್ನೂ ಬಿಡಿಬಿಡಿಯಾಗಿ ಇಟ್ಟರೆ ಮೂರು ಹೆಸರು, ಮೂರು ಐಪಿ ವಿಳಾಸ, ಮೂರು ಗುಪ್ತಪದ. ಒಂದು ಬದಲಾವಣೆ ಮಾಡಬೇಕಾದರೆ ಮೂರು ಕಡೆ ಮಾಡಬೇಕು. ಒಂದರಲ್ಲಿ ಮರೆತರೆ ಆಯಿತು, ದೋಷ ಹುಡುಕಲು ಅರ್ಧ ದಿನ ಹೋಗುತ್ತದೆ.

ಇದಕ್ಕೆ ಪರಿಹಾರವೇ ಸ್ಟ್ಯಾಕ್, ಅಂದರೆ ಪೇರಿಕೆ. ಪ್ರತಿ ಸ್ವಿಚ್ಚಿನ ಹಿಂಬದಿಯಲ್ಲಿ ಇದಕ್ಕಾಗಿಯೇ ಎರಡು ವಿಶೇಷ ಪೋರ್ಟುಗಳಿರುತ್ತವೆ. ಮೊದಲನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಕೊನೆಯದರಿಂದ ಮತ್ತೆ ಮೊದಲನೆಯದಕ್ಕೆ ದಪ್ಪ ಕೇಬಲ್ ಜೋಡಿಸಿದರೆ ಒಂದು ವರ್ತುಲವಾಗುತ್ತದೆ. ಆಗ ಮೂರೂ ಸೇರಿ 144 ಪೋರ್ಟುಗಳ ಒಂದೇ ಸ್ವಿಚ್ಚಿನಂತೆ ವರ್ತಿಸುತ್ತವೆ. ಹೆಸರು ಒಂದು, ಐಪಿ ವಿಳಾಸ ಒಂದು, ಸಂರಚನೆಯ ಕಡತವೂ ಒಂದು.

2003ರಲ್ಲಿ ಬಂದ ಸಿಸ್ಕೋದ ಕ್ಯಾಟಲಿಸ್ಟ್ 3750 ಈ ಬಗೆಯ ಸ್ವಿಚ್ಚುಗಳಲ್ಲಿ ಹೆಸರಾದದ್ದು. ಸ್ಟ್ಯಾಕ್‌ವೈಸ್ ಎಂಬ ಆ ಏರ್ಪಾಟಿನಲ್ಲಿ 9 ಸ್ವಿಚ್ಚುಗಳವರೆಗೆ ಜೋಡಿಸಬಹುದಿತ್ತು. ವರ್ತುಲದ ಸಾಮರ್ಥ್ಯ ಸೆಕೆಂಡಿಗೆ 32 ಗಿಗಾಬಿಟ್. ಅದೇ ಸಂಸ್ಥೆಯ ಕ್ಯಾಟಲಿಸ್ಟ್ 9300 ಸರಣಿಯ ಸ್ಟ್ಯಾಕ್‌ವೈಸ್-480ರಲ್ಲಿ 8 ಸ್ವಿಚ್ಚುಗಳು. ಸಾಮರ್ಥ್ಯ, ಹೆಸರೇ ಹೇಳುವಂತೆ, 480 ಗಿಗಾಬಿಟ್. ವೇಗ ಬೆಳೆದಿದೆ. ಆದರೆ ನಮ್ಮ ಎರಡು ಪ್ರಶ್ನೆಗಳು ಹಾಗೆಯೇ ಉಳಿದಿವೆ.

ಸಂಖ್ಯೆ ಬೇರೆ, ಪಾತ್ರ ಬೇರೆ

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಿಕೊಳ್ಳೋಣ. ಒಂದನೆಯ ಸಂಖ್ಯೆಯ ಸ್ವಿಚ್ಚೇ ಯಜಮಾನ ಎಂದು ಅನೇಕರು ಭಾವಿಸುತ್ತಾರೆ. ಎಲ್ಲ ಕಡೆಯೂ ಹಾಗಿಲ್ಲ. ಘಟಕ ಸಂಖ್ಯೆ ಎಂಬುದು ವಿದ್ಯಾರ್ಥಿಯ ಹಾಜರಿ ಸಂಖ್ಯೆ ಇದ್ದಂತೆ. ಯಜಮಾನಿಕೆ ಎಂಬುದು ತರಗತಿಯ ನಾಯಕತ್ವ ಇದ್ದಂತೆ. ಹಾಜರಿ ಸಂಖ್ಯೆ 7ರ ಹುಡುಗಿ ನಾಯಕಿಯಾಗಬಹುದು. ನಾಯಕಿ ಬದಲಾದರೆ ಯಾರ ಹಾಜರಿ ಸಂಖ್ಯೆಯೂ ಬದಲಾಗುವುದಿಲ್ಲ.

ಸಿಸ್ಕೋದ ಮೇಲಿನ ಸರಣಿಗಳಲ್ಲಿ ಎರಡೂ ಪ್ರತ್ಯೇಕ. ಅದೇ ಸಂಸ್ಥೆಯ ಸಣ್ಣ ಕಚೇರಿಗಳಿಗೆಂದು ಮಾಡಿದ 500 ಸರಣಿಯಂತಹ ಕೆಲವು ಸ್ವಿಚ್ಚುಗಳಲ್ಲಿ ಮಾತ್ರ ಸಂಖ್ಯೆಗೂ ಪಾತ್ರಕ್ಕೂ ನಂಟಿದೆ. ಅಲ್ಲಿ 1 ಮತ್ತು 2 ಸಂಖ್ಯೆಯ ಘಟಕಗಳಷ್ಟೇ ಯಜಮಾನ ಅಥವಾ ಬದಲಿ ಯಜಮಾನ ಆಗಬಲ್ಲವು. ಉಳಿದವು ಎಂದಿಗೂ ಸದಸ್ಯರೇ. ಆದ್ದರಿಂದ ನಿಮ್ಮ ಮುಂದಿರುವ ಸ್ವಿಚ್ಚು ಯಾವ ಬಗೆಯದು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳುವುದು ಮೊದಲ ಹೆಜ್ಜೆ.

ಸಂಖ್ಯೆಯ ಪ್ರಯೋಜನವೇನು? ಪೋರ್ಟಿನ ಹೆಸರು ಅದರಿಂದ ಆರಂಭವಾಗುತ್ತದೆ. ಕ್ಯಾಟಲಿಸ್ಟ್‌ನಲ್ಲಿ 3/0/17 ಎಂದರೆ 3ನೆಯ ಘಟಕದ 17ನೆಯ ಪೋರ್ಟು. 'ಈ ಪೋರ್ಟು ಪರೀಕ್ಷಾ ಕೊಠಡಿಯ ಜಾಲಕ್ಕೆ ಸೇರಿದ್ದು', 'ಇದು ಗ್ರಂಥಾಲಯದ್ದು' ಎಂಬ ಸಂರಚನೆಯೆಲ್ಲವೂ ಈ ಹೆಸರಿಗೆ ಅಂಟಿಕೊಂಡಿರುತ್ತದೆ, ಪೆಟ್ಟಿಗೆಗೆ ಅಲ್ಲ. 3ನೆಯ ಸ್ವಿಚ್ಚು ಕೆಟ್ಟು, ಹೊಸದನ್ನು ತಂದು 3 ಎಂಬ ಸಂಖ್ಯೆಯನ್ನೇ ಕೊಟ್ಟರೆ, ಅದೇ ಮಾದರಿಯದಾಗಿದ್ದಲ್ಲಿ ಹಳೆಯ ಸಂರಚನೆ ತಾನಾಗಿ ಅದಕ್ಕೆ ದೊರೆಯುತ್ತದೆ. ಅಕಸ್ಮಾತ್ ಅದು 4 ಆಗಿಬಿಟ್ಟರೆ 3ರ ಸಂರಚನೆ ಧಣಿಯಿಲ್ಲದೆ ಕಾಯುತ್ತದೆ. 4ನೆಯದು ಏನೂ ಬರೆಯದ ಹಲಗೆಯಂತೆ ಬಂದು ನಿಲ್ಲುತ್ತದೆ.

ಕಾರ್ಖಾನೆಯಿಂದ ಹೊರಬರುವ ಪ್ರತಿ ಸ್ವಿಚ್ಚೂ ತನ್ನನ್ನು 1 ಎಂದೇ ಭಾವಿಸಿರುತ್ತದೆ. ಮೂರು ಒಂದುಗಳನ್ನು ಒಟ್ಟಿಗೆ ಜೋಡಿಸಿದರೆ ಒಂದು ಮಾತ್ರ ಆ ಸಂಖ್ಯೆಯನ್ನು ಉಳಿಸಿಕೊಂಡು, ಉಳಿದವು ಖಾಲಿಯಿರುವ ಅತ್ಯಂತ ಚಿಕ್ಕ ಸಂಖ್ಯೆಗಳನ್ನು ಪಡೆಯುತ್ತವೆ. ಆದರೆ ಮೇಲಿನದೇ 1, ಕೆಳಗಿನದೇ 3 ಆಗುತ್ತದೆಂಬ ಖಾತರಿಯಿಲ್ಲ. ಪೆಟ್ಟಿಗೆಗೆ ತಾನು ಕಪಾಟಿನ ಯಾವ ಅಂತಸ್ತಿನಲ್ಲಿದ್ದೇನೆಂಬುದು ಹೇಗೆ ಗೊತ್ತಾಗಬೇಕು? ಅದಕ್ಕಾಗಿ ಸಂಖ್ಯೆಯನ್ನು ನಾವೇ ಕೊಡುವುದು ಒಳ್ಳೆಯದು. ಆಜ್ಞೆ ಚಿಕ್ಕದು: 'ಸ್ವಿಚ್ 1 ರೀನಂಬರ್ 3'. ಈ ಬದಲಾವಣೆ ತಕ್ಷಣ ಜಾರಿಗೆ ಬರುವುದಿಲ್ಲ, ಆ ಘಟಕ ಮರುಚಾಲನೆಗೊಂಡ ಮೇಲೆ ಬರುತ್ತದೆ. ಒಮ್ಮೆ ಬಂದ ಸಂಖ್ಯೆ ಘಟಕದ ಸ್ವಂತ ಸ್ಮೃತಿಯಲ್ಲಿ ಉಳಿಯುತ್ತದೆ. ವಿದ್ಯುತ್ ಹೋದರೂ, ಬೇರೆ ಕಟ್ಟಡಕ್ಕೆ ಸಾಗಿಸಿದರೂ ಅಳಿಯುವುದಿಲ್ಲ. ಈ ಮಾತನ್ನು ನೆನಪಿಡಿ.

3750ರ ಮುಂಬದಿಯ ಮೋಡ್ ಗುಂಡಿಯನ್ನು ಸ್ಟ್ಯಾಕ್ ದೀಪ ಬೆಳಗುವವರೆಗೆ ಒತ್ತುತ್ತಾ ಹೋದರೆ, ಮೊದಲ ಪೋರ್ಟುಗಳ ದೀಪಗಳೇ ಸಂಖ್ಯೆಗಳನ್ನು ತೋರಿಸುತ್ತವೆ. ಮಿಣುಕುವ ದೀಪ ಆ ಪೆಟ್ಟಿಗೆಯ ಸ್ವಂತ ಸಂಖ್ಯೆ, ಸ್ಥಿರವಾಗಿ ಬೆಳಗುವ ದೀಪಗಳು ಜೊತೆಗಾರರದು.

ಸಮಮಿತಿಯನ್ನು ಮುರಿಯುವುದು

ಈಗ ಯಜಮಾನನ ವಿಚಾರ. ಒಂದೇ ಮಾದರಿಯ ನಾಲ್ಕು ಪೆಟ್ಟಿಗೆಗಳು, ಎಲ್ಲದರಲ್ಲೂ ಒಂದೇ ಪ್ರೋಗ್ರಾಂ, ಜೋಡಣೆ ವರ್ತುಲಾಕಾರ. ವರ್ತುಲದಲ್ಲಿ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಎಲ್ಲವನ್ನೂ ಒಂದೇ ಕ್ಷಣದಲ್ಲಿ ಚಾಲೂ ಮಾಡಿದೆವೆನ್ನಿ. ಯಾವುದು ಯಜಮಾನನಾಗಬೇಕು?

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸನ್ನಿವೇಶ. ಮೊನೆಯ ಮೇಲೆ ನೆಟ್ಟಗೆ ನಿಲ್ಲಿಸಿದ ಪೆನ್ಸಿಲ್ ಯಾವ ದಿಕ್ಕಿಗೆ ಬೀಳಬೇಕು? ಎಲ್ಲ ದಿಕ್ಕುಗಳೂ ಸಮಾನವಾಗಿದ್ದರೆ ಯಾವುದೊಂದನ್ನೂ ಆಯ್ದುಕೊಳ್ಳಲು ಕಾರಣವಿಲ್ಲ. ಸಣ್ಣದೊಂದು ಅಸಮತೆ ಬೇಕು. ಸ್ವಿಚ್ಚುಗಳಿಗೂ ಇದೇ ಮಾತು. ಪ್ರತಿ ಹಂತದಲ್ಲೂ ನಾಲ್ಕೂ ಒಂದೇ ಸ್ಥಿತಿಯಲ್ಲಿದ್ದರೆ, ನಾಲ್ಕೂ ಒಂದೇ ಸಂದೇಶವನ್ನು ಕಳುಹಿಸುತ್ತವೆ, ಒಂದೇ ಸಂದೇಶವನ್ನು ಪಡೆಯುತ್ತವೆ, ಮುಂದಿನ ಹಂತದಲ್ಲೂ ಒಂದೇ ಸ್ಥಿತಿಗೆ ಹೋಗುತ್ತವೆ. ಒಂದು 'ನಾನೇ ಯಜಮಾನ' ಎಂದರೆ ನಾಲ್ಕೂ ಅದೇ ಕ್ಷಣದಲ್ಲಿ ಹಾಗೆಯೇ ಅನ್ನುತ್ತವೆ. ಗುರುತಿಲ್ಲದ, ಪರಸ್ಪರ ತದ್ರೂಪಿ ಗಣಕಗಳ ವರ್ತುಲದಲ್ಲಿ ನಿಶ್ಚಿತ ನಿಯಮಗಳಿಂದ ನಾಯಕನನ್ನು ಆರಿಸುವುದು ಅಸಾಧ್ಯವೆಂದು ಡಾನಾ ಆಂಗ್ಲುಯಿನ್ 1980ರಲ್ಲಿ ಸಾಧಿಸಿ ತೋರಿಸಿದರು.

ಹಾಗಾದರೆ ದಾರಿ? ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತು ಬೇಕು. ಆ ಗುರುತೇ ಮ್ಯಾಕ್ ವಿಳಾಸ. ಇದು 48 ಬಿಟ್‌ಗಳ ಸಂಖ್ಯೆ. ಮೊದಲ 24 ಬಿಟ್‌ಗಳು ಸಾಮಾನ್ಯವಾಗಿ ತಯಾರಕರನ್ನೂ ಉಳಿದವು ಆ ತಯಾರಕರ ನಿರ್ದಿಷ್ಟ ಸಾಧನವನ್ನೂ ಸೂಚಿಸುತ್ತವೆ. 2ರ 48ನೆಯ ಘಾತವೆಂದರೆ ಸುಮಾರು 281 ಲಕ್ಷ ಕೋಟಿ. ಆದ್ದರಿಂದ ಪ್ರತಿ ಪೆಟ್ಟಿಗೆಗೂ ಬೇರೆಯದೇ ಸಂಖ್ಯೆ ಕೊಡಲು ಕೊರತೆಯಿಲ್ಲ.

ಗುರುತುಗಳಿದ್ದರೆ ಆಯ್ಕೆ ಹೇಗೆ? ಈ ಪ್ರಶ್ನೆಯನ್ನು ಜೆರಾರ್ ಲೆ ಲಾನ್ 1977ರಲ್ಲಿ ಮಂಡಿಸಿದರು. 1979ರಲ್ಲಿ ಚಾಂಗ್ ಮತ್ತು ರಾಬರ್ಟ್ಸ್ ಒಂದು ಸೊಗಸಾದ ವಿಧಾನವನ್ನು ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಸಂಖ್ಯೆಯನ್ನು ಬಲಗಡೆಯವರಿಗೆ ಕಳುಹಿಸಬೇಕು. ಬಂದ ಸಂಖ್ಯೆ ತಮ್ಮದಕ್ಕಿಂತ ದೊಡ್ಡದಾದರೆ ಮುಂದಕ್ಕೆ ದಾಟಿಸಬೇಕು, ಚಿಕ್ಕದಾದರೆ ಅಲ್ಲೇ ತಡೆಯಬೇಕು. ಯಾರ ಸಂಖ್ಯೆ ಒಂದು ಸುತ್ತು ಹಾಕಿ ಅವರ ಬಳಿಗೇ ಮರಳುತ್ತದೋ ಅವರೇ ನಾಯಕರು.

17, 42, 8, 29 ಎಂಬ ಗುರುತುಗಳು ಈ ಕ್ರಮದಲ್ಲಿ ವರ್ತುಲವಾಗಿ ಕುಳಿತಿವೆ ಎಂದಿಟ್ಟುಕೊಳ್ಳಿ. 17ರ ಸಂದೇಶ 42ರ ಬಳಿ ನಿಲ್ಲುತ್ತದೆ: 1 ಹೆಜ್ಜೆ. 8ರ ಸಂದೇಶ 29ರ ಬಳಿ ನಿಲ್ಲುತ್ತದೆ: 1 ಹೆಜ್ಜೆ. 29ರ ಸಂದೇಶ 17ನ್ನು ದಾಟಿ 42ರ ಬಳಿ ನಿಲ್ಲುತ್ತದೆ: 2 ಹೆಜ್ಜೆ. 42ರ ಸಂದೇಶ ಪೂರ್ತಿ ಸುತ್ತುತ್ತದೆ: 4 ಹೆಜ್ಜೆ. ಒಟ್ಟು 8. ಫಲಿತಾಂಶವನ್ನು ಎಲ್ಲರಿಗೂ ತಿಳಿಸಲು ಇನ್ನೊಂದು ಸುತ್ತು. ಸ್ವಿಚ್ಚು ತಯಾರಕರು ಇದೇ ವಿಧಾನವನ್ನು ಅನುಸರಿಸಬೇಕೆಂದಿಲ್ಲ. ಆದರೆ ಎಲ್ಲರೂ ಗುರುತುಗಳನ್ನು ಹೋಲಿಸಿ ಒಂದೇ ತೀರ್ಮಾನಕ್ಕೆ ಬರುವ ತತ್ತ್ವ ಒಂದೇ.

ಆಯ್ಕೆಯ ನಿಯಮಗಳು

ಮ್ಯಾಕ್ ವಿಳಾಸವೊಂದೇ ಸಾಕಾಗಿದ್ದರೂ ತಯಾರಕರು ಅದನ್ನು ಕೊನೆಯ ನಿಯಮವಾಗಿ ಇಟ್ಟಿದ್ದಾರೆ. 3750ರಲ್ಲಿ ಕ್ರಮ ಹೀಗಿದೆ:

1. ಈಗಾಗಲೇ ಯಜಮಾನನಾಗಿರುವ ಸ್ವಿಚ್ಚು.
2. ಹೆಚ್ಚಿನ ಆದ್ಯತಾಂಕ ಉಳ್ಳದ್ದು. ಇದು 1ರಿಂದ 15ರವರೆಗೆ ಇರಬಹುದು, ನಾವು ಕೊಡದಿದ್ದರೆ 1.
3. ಪೋರ್ಟುಗಳಿಗೆ ಈಗಾಗಲೇ ಸಂರಚನೆ ಮಾಡಿರುವುದು.
4. ಹೆಚ್ಚಿನ ಸೌಲಭ್ಯಗಳ ತಂತ್ರಾಂಶ ಉಳ್ಳದ್ದು.
5. ಹೆಚ್ಚು ಕಾಲದಿಂದ ಚಾಲನೆಯಲ್ಲಿರುವುದು.
6. ಕಡಿಮೆ ಮ್ಯಾಕ್ ವಿಳಾಸ ಉಳ್ಳದ್ದು.

ಮೇಲಿನ ನಿಯಮದಲ್ಲಿ ತೀರ್ಮಾನವಾದರೆ ಕೆಳಗಿನದಕ್ಕೆ ಹೋಗುವುದಿಲ್ಲ. ಮೊದಲ ನಿಯಮವನ್ನು ಗಮನಿಸಿ. ಇದು ಕಾಂತ ವಸ್ತುಗಳಲ್ಲಿ ನಾವು ನೋಡುವ ಹಿಸ್ಟರೆಸಿಸ್‌ನಂತಹುದು. ಇರುವ ಸ್ಥಿತಿ ಸುಲಭವಾಗಿ ಬದಲಾಗದು. ಯಜಮಾನ ಬದಲಾದಾಗಲೆಲ್ಲ ಜಾಲ ಸ್ವಲ್ಪ ತಡಬಡಿಸುತ್ತದೆ. ಆದ್ದರಿಂದ ಅನಗತ್ಯ ಬದಲಾವಣೆ ಬೇಡ. ಇಂದು ಒಂದು ಸದಸ್ಯನಿಗೆ 15 ಆದ್ಯತಾಂಕ ಕೊಟ್ಟರೂ ಅದು ಇಂದೇ ಗದ್ದುಗೆ ಏರುವುದಿಲ್ಲ, ಮುಂದಿನ ಆಯ್ಕೆಯಲ್ಲಿ ಏರುತ್ತದೆ.

ಜೂನಿಪರ್ ಸಂಸ್ಥೆಯ ವರ್ಚುವಲ್ ಷಾಸಿಯಲ್ಲಿ ಕ್ರಮ ಬೇರೆ. ಅಲ್ಲಿ ಆದ್ಯತಾಂಕವೇ ಮೊದಲು. ಅದು 0ಯಿಂದ 255ರವರೆಗೆ, ನಾವು ಕೊಡದಿದ್ದರೆ 128. ಯಜಮಾನನಿಗೆ 255, ಬದಲಿಗೆ 200 ಕೊಟ್ಟಿದ್ದೇವೆನ್ನಿ. ಯಜಮಾನ ಕೆಟ್ಟಾಗ ಬದಲಿ ಅಧಿಕಾರ ವಹಿಸಿಕೊಳ್ಳುತ್ತದೆ. ದುರಸ್ತಿಯಾಗಿ ಬಂದ ಹಳೆಯ ಯಜಮಾನ ಅಧಿಕಾರವನ್ನು ಮತ್ತೆ ಕಿತ್ತುಕೊಳ್ಳುತ್ತದೆ. ಒಂದು ಕೇಡಿಗೆ ಎರಡು ತಡಬಡಿಕೆ. ಅದಕ್ಕೇ ಅಲ್ಲಿ ಇಬ್ಬರಿಗೂ ಸಮಾನ ಅಂಕ ಕೊಡಲು ಸಲಹೆ ಮಾಡುತ್ತಾರೆ. ನಿಯಮಗಳ ಪಟ್ಟಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೆ ನಾವು ಮಾಡಬೇಕಾದ ಕೆಲಸವೇ ಬದಲಾಗುವುದನ್ನು ಇಲ್ಲಿ ನೋಡಬಹುದು.

ಚಾಲನೆಯ ಕಾಲವನ್ನು ಅಳೆಯುವ ರೀತಿಯೂ ಪ್ರಯೋಗಾಲಯದ ಪಾಠದಂತಿದೆ. ವಿದ್ಯುತ್ ಹೋಗಿ ಬಂದಾಗ ಎಲ್ಲ ಸ್ವಿಚ್ಚುಗಳೂ ಕೆಲವೇ ಸೆಕೆಂಡುಗಳ ಅಂತರದಲ್ಲಿ ಎದ್ದೇಳುತ್ತವೆ. ಆ ಅಂತರಕ್ಕೆ ಅರ್ಥವಿಲ್ಲ. ಅದಕ್ಕಾಗಿ ಜೂನಿಪರ್ ಒಂದು ನಿಮಿಷದೊಳಗಿನ ವ್ಯತ್ಯಾಸವನ್ನು ಲೆಕ್ಕಿಸುವುದಿಲ್ಲ. ಮೇಲೆ ಹೇಳಿದ ಸಣ್ಣ ಕಚೇರಿಯ ಸ್ವಿಚ್ಚುಗಳು ಕಾಲವನ್ನು 10 ನಿಮಿಷಗಳ ತುಂಡುಗಳಲ್ಲಿ ಎಣಿಸುತ್ತವೆ. ಉಪಕರಣದ ಕನಿಷ್ಠ ಅಳತೆಗಿಂತ ಸೂಕ್ಷ್ಮವಾದ ವ್ಯತ್ಯಾಸದ ಮೇಲೆ ತೀರ್ಮಾನ ಮಾಡಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲವೇ?

ಮ್ಯಾಕ್ ವಿಳಾಸಗಳ ಹೋಲಿಕೆ ನಿಘಂಟಿನ ಕ್ರಮದಂತೆ ಎಡದಿಂದ ಬಲಕ್ಕೆ. ಕೊನೆಯ ಮೂರು ಭಾಗಗಳು 40-17-93 ಮತ್ತು 40-18-02 ಆಗಿದ್ದು ಹಿಂದಿನವು ಸಮವಾಗಿದ್ದರೆ ಮೊದಲನೆಯದೇ ಚಿಕ್ಕದು. 17 ಎಂಬುದು 18ಕ್ಕಿಂತ ಕಡಿಮೆಯಾದ ಮೇಲೆ 93ನ್ನು ನೋಡುವ ಅಗತ್ಯವಿಲ್ಲ. ಒಂದು ಸೂಕ್ಷ್ಮವಿದೆ. ತಯಾರಕರು ವಿಳಾಸಗಳನ್ನು ಏರಿಕೆಯ ಕ್ರಮದಲ್ಲಿ ಹಂಚುತ್ತಾ ಹೋದರೆ ಹಳೆಯ ಪೆಟ್ಟಿಗೆಗೆ ಚಿಕ್ಕ ವಿಳಾಸವಿರುತ್ತದೆ. ಆದ್ಯತಾಂಕ ಕೊಡದೆ ಬಿಟ್ಟರೆ ಗುಂಪಿನ ಅತಿ ಹಳೆಯ ಪೆಟ್ಟಿಗೆಯೇ ಯಜಮಾನನಾಗಿಬಿಡಬಹುದು.

ವರ್ತುಲ ತುಂಡಾದರೆ

ಒಂದು ಕೇಬಲ್ ಕಳಚಿದರೆ ವರ್ತುಲ ಸರಪಳಿಯಾಗುತ್ತದೆ. 3750ರಲ್ಲಿ ಸಾಮರ್ಥ್ಯ 32ರಿಂದ 16 ಗಿಗಾಬಿಟ್‌ಗೆ ಇಳಿಯುತ್ತದೆ, ಕೆಲಸ ನಿಲ್ಲುವುದಿಲ್ಲ. ಎರಡು ಕಡೆ ಕಳಚಿದರೆ ಮಾತ್ರ ಗುಂಪು ಎರಡು ಹೋಳಾಗುತ್ತದೆ. ಯಜಮಾನನಿಲ್ಲದ ಹೋಳು ಹೊಸ ಯಜಮಾನನನ್ನು ಆರಿಸಿಕೊಳ್ಳುತ್ತದೆ. ಎರಡರ ಬಳಿಯೂ ಒಂದೇ ಸಂರಚನೆ ಇರುವುದರಿಂದ ಒಂದೇ ಐಪಿ ವಿಳಾಸವನ್ನು ಎರಡೂ ತಮ್ಮದೆನ್ನುತ್ತವೆ. ಒಂದೇ ಮನೆ ಸಂಖ್ಯೆಯ ಎರಡು ಮನೆಗಳು ಒಂದೇ ಬೀದಿಯಲ್ಲಿದ್ದಂತೆ. ಹೀಗಾಗದಂತೆ ಕೆಲವು ಏರ್ಪಾಟುಗಳಲ್ಲಿ ಹೋಳಿನ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ಹೋಳನ್ನು ಮಾತ್ರ ಸಕ್ರಿಯವಾಗಿ ಉಳಿಸುತ್ತಾರೆ. ಎರಡೇ ಸ್ವಿಚ್ಚುಗಳಿದ್ದಾಗ ಬಹುಮತವೆಂಬುದೇ ಇರದ ಕಾರಣ ಅದಕ್ಕೆ ಪ್ರತ್ಯೇಕ ಏರ್ಪಾಟು ಬೇಕಾಗುತ್ತದೆ.

ಹೋಳಾಗುವುದಕ್ಕಿಂತ ಸೇರುವುದು ಕೆಲವೊಮ್ಮೆ ಹೆಚ್ಚು ಅಪಾಯಕಾರಿ. ಈಗ ಪರೀಕ್ಷೆಯ ದಿನದ ಕಥೆ.

ಒಂದು ಬೆಳಗಿನ ಪಾಠ

ಕೆಲವು ವರ್ಷಗಳ ಹಿಂದೆ ನಾನು ಕಾಲೇಜೊಂದರ ಜಾಲ ಸಮಿತಿಯಲ್ಲಿದ್ದೆ. ಮೂರು ಸ್ವಿಚ್ಚುಗಳ ಗುಂಪಿನಲ್ಲಿ 3ನೆಯದು ಪರೀಕ್ಷೆಯ ಹಿಂದಿನ ದಿನ ಕೆಟ್ಟಿತು. ಬೇರೆ ಕಟ್ಟಡದಲ್ಲಿ ಅದೇ ಮಾದರಿಯದೊಂದು ಬಿಡಿಯಾಗಿತ್ತು. ಅದನ್ನು ತಂದು ರಾತ್ರಿಯಿಡೀ ಚಾಲನೆಯಲ್ಲಿಟ್ಟು ಪರೀಕ್ಷಿಸಿದೆವು. ಮರುದಿನ ಬೆಳಿಗ್ಗೆ ಚಾಲನೆಯಲ್ಲಿದ್ದಂತೆಯೇ ಹಿಂಬದಿಯ ಕೇಬಲ್‌ಗಳನ್ನು ಸಿಕ್ಕಿಸಿದೆವು. ಅರ್ಧ ಗಂಟೆಯಲ್ಲಿ ಗಣಕದ ಮೇಲೆ ಪ್ರಾಯೋಗಿಕ ಪರೀಕ್ಷೆ ಆರಂಭವಾಗಬೇಕಿತ್ತು.

ಕ್ಷಣಗಳಲ್ಲಿ ಹಳೆಯ ಎರಡೂ ಸ್ವಿಚ್ಚುಗಳ ದೀಪಗಳು ಆರಿದವು. ಮತ್ತೆ ಹತ್ತಿಕೊಂಡಾಗ ಪರೀಕ್ಷಾ ಕೊಠಡಿಯ 40 ಗಣಕಗಳಲ್ಲಿ ಒಂದಕ್ಕೂ ಸರ್ವರ್ ಸಿಗಲಿಲ್ಲ. ಬಾಗಿಲ ಹೊರಗೆ ವಿದ್ಯಾರ್ಥಿಗಳು ದಾಖಲೆ ಪುಸ್ತಕಗಳನ್ನು ಹಿಡಿದು ನಿಂತಿದ್ದರು.

ನಡೆದದ್ದನ್ನು ಮೇಲಿನ ನಿಯಮಗಳಿಂದಲೇ ಅರಿಯಬಹುದು. ಒಂಟಿಯಾಗಿ ಚಾಲನೆಯಲ್ಲಿದ್ದ ಸ್ವಿಚ್ಚು ತನಗೆ ತಾನೇ ಯಜಮಾನ. ಗುಂಪಿನಲ್ಲೂ ಒಬ್ಬ ಯಜಮಾನ ಇದ್ದಾನೆ. ಇಬ್ಬರೂ 'ಈಗಾಗಲೇ ಯಜಮಾನರು', ಆದ್ದರಿಂದ ಮೊದಲ ನಿಯಮದಲ್ಲಿ ತೀರ್ಮಾನವಾಗಲಿಲ್ಲ. ಎರಡನೆಯದು ಆದ್ಯತಾಂಕ. ಹೊಸಬನಿಗೆ ಹಳೆಯ ಕಟ್ಟಡದಲ್ಲಿ ಯಾರೋ 15 ಕೊಟ್ಟಿದ್ದರು, ಅದು ಅದರ ಸ್ಮೃತಿಯಲ್ಲಿ ಉಳಿದಿತ್ತು. ನಮ್ಮವಕ್ಕೆ ನಾವು ಏನೂ ಕೊಟ್ಟಿರಲಿಲ್ಲ, ಅಂದರೆ 1. ಹೊಸಬ ಗೆದ್ದ. ಸೋತವರು ಮರುಚಾಲನೆಗೊಂಡು ಅವನ ಸಂರಚನೆಗೆ ಒಳಪಟ್ಟರು. ಹೊಸಬನ ಸಂಖ್ಯೆ 1 ಆಗಿತ್ತು, ಹೆಚ್ಚಿನ ಆದ್ಯತೆಯಿಂದ ಅದನ್ನು ಉಳಿಸಿಕೊಂಡ. ನಮ್ಮ ಹಳೆಯ 1 ಈಗ 3 ಆಯಿತು. ಹೊಸಬನ ಕಡತದಲ್ಲಿ 2 ಮತ್ತು 3ನೆಯ ಘಟಕಗಳ ಬಗ್ಗೆ ಏನೂ ಬರೆದಿರಲಿಲ್ಲವಾದ್ದರಿಂದ ಆ ಪೋರ್ಟುಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿದವು. ಪರೀಕ್ಷಾ ಕೊಠಡಿಯ ಪ್ರತ್ಯೇಕ ಜಾಲ ಇಲ್ಲವಾಯಿತು.

ಯಾವ ಯಂತ್ರವೂ ತಪ್ಪು ಮಾಡಿರಲಿಲ್ಲ. ಪ್ರತಿಯೊಂದೂ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತ್ತು. ತಪ್ಪು ನಮ್ಮದು. ಹಳೆಯ ಸಂರಚನೆಯ ಪ್ರತಿಯೊಂದನ್ನು ಗಣಕದಲ್ಲಿ ಇಟ್ಟುಕೊಂಡಿದ್ದರಿಂದ ಎರಡು ಗಂಟೆಗಳಲ್ಲಿ ಎಲ್ಲವನ್ನೂ ಸರಿಪಡಿಸಿ, ಮಧ್ಯಾಹ್ನ ಪರೀಕ್ಷೆ ನಡೆಸಿದೆವು. ಪ್ರತಿ ಇಲ್ಲದಿದ್ದರೆ ಆ ದಿನ ಪರೀಕ್ಷೆ ನಡೆಯುತ್ತಿರಲಿಲ್ಲ.

ನೀವು ಮಾಡಬೇಕಾದ್ದು

ಸ್ಟ್ಯಾಕ್ ಕಟ್ಟುವಾಗ ಮೊದಲು ಪ್ರತಿ ಸ್ವಿಚ್ಚನ್ನೂ ಒಂಟಿಯಾಗಿ ಚಾಲೂ ಮಾಡಿ ಸಂಖ್ಯೆ ಕೊಡಿ, ಅದೇ ಸಂಖ್ಯೆಯ ಚೀಟಿಯನ್ನು ಮುಂಬದಿಗೆ ಅಂಟಿಸಿ. ಕ್ಯಾಟಲಿಸ್ಟ್ ಬಗೆಯದಾದರೆ ಯಜಮಾನನಾಗಬೇಕಾದ್ದಕ್ಕೆ 15, ಬದಲಿಗೆ 14, ಉಳಿದವಕ್ಕೆ ಕಡಿಮೆ ಆದ್ಯತಾಂಕ ಕೊಡಿ. ಹೊಸ ಘಟಕವನ್ನು ಸೇರಿಸುವಾಗ ಅದರ ಹಳೆಯ ಸಂಖ್ಯೆ, ಆದ್ಯತಾಂಕ, ಸಂರಚನೆಗಳನ್ನು ಅಳಿಸಿ, ತಂತ್ರಾಂಶದ ಆವೃತ್ತಿ ಒಂದೇ ಇದೆಯೇ ನೋಡಿ, ವಿದ್ಯುತ್ ತೆಗೆದು, ಕೇಬಲ್ ಜೋಡಿಸಿ, ಆಮೇಲೆ ಚಾಲೂ ಮಾಡಿ. ಹಾಗೆ ಬಂದವನು ಅತಿಥಿಯಾಗಿ ಬರುತ್ತಾನೆ, ಯಜಮಾನನಾಗಿ ಅಲ್ಲ. ಸಂರಚನೆಯ ಪ್ರತಿ ಸ್ವಿಚ್ಚಿನ ಹೊರಗೆ ಇನ್ನೊಂದು ಕಡೆ ಇರಲಿ.

ಅಧ್ಯಾಪಕರಿಗೆ ಒಂದು ಸಲಹೆ. ಎಂಟು ವಿದ್ಯಾರ್ಥಿಗಳನ್ನು ವರ್ತುಲವಾಗಿ ಕೂರಿಸಿ, ಬೇರೆ ಬೇರೆ ಸಂಖ್ಯೆಗಳ ಚೀಟಿ ಕೊಟ್ಟು ಚಾಂಗ್ ಮತ್ತು ರಾಬರ್ಟ್ಸ್ ವಿಧಾನವನ್ನು ಆಡಿಸಿ, ಹೆಜ್ಜೆಗಳನ್ನು ಕರಿಹಲಗೆಯ ಮೇಲೆ ಎಣಿಸಿ. ಕುಳಿತ ಕ್ರಮವನ್ನು ಬದಲಿಸಿದರೆ ಹೆಜ್ಜೆಗಳು ಕನಿಷ್ಠ 15ರಿಂದ ಗರಿಷ್ಠ 36ರವರೆಗೆ ವ್ಯತ್ಯಾಸವಾಗುತ್ತವೆ. ಯಾವ ಕ್ರಮಕ್ಕೆ 15, ಯಾವುದಕ್ಕೆ 36 ಎಂಬುದನ್ನು ಅವರೇ ಕಂಡುಹಿಡಿಯಲಿ. ಅನಂತರ ಎಲ್ಲರಿಗೂ ಒಂದೇ ಸಂಖ್ಯೆಯ ಚೀಟಿ ಕೊಟ್ಟು ಮತ್ತೆ ಆಡಿಸಿ. ಎಂಟೂ ಮಂದಿ ಒಟ್ಟಿಗೆ 'ನಾನೇ ನಾಯಕ' ಎಂದು ಕೈಯೆತ್ತುವುದನ್ನು ನೋಡಿದ ಮೇಲೆ, ಕಪಾಟಿನೊಳಗಿನ ಪೆಟ್ಟಿಗೆಗಳಿಗೆ ಸಂಖ್ಯೆಯನ್ನೂ ಆದ್ಯತೆಯನ್ನೂ ನಾವೇ ಏಕೆ ಕೊಡಬೇಕೆಂದು ಅವರಿಗೆ ಬೇರೆ ಹೇಳಬೇಕಾಗುವುದಿಲ್ಲ.